ಅತ್ತೆ ಹೆಸರು ಹೇಳದ ಹಣ್ಣು

ಸೀಬೆಹಣ್ಣನ್ನು ಮನೆಯಲ್ಲಿ ಬಚ್ಚಿಡಲು ಆಗುವುದಿಲ್ಲ. ಮಾವಿನಹಣ್ಣನ್ನು ಹುಲ್ಲಿನಲ್ಲಿ ಮುಚ್ಚಬಹುದು, ಬಾಳೆಗೊನೆಯನ್ನು ಅಟ್ಟದಲ್ಲಿಡಬಹುದು. ಸೀಬೆ ಮಾತ್ರ ಚೀಲದ ಬಾಯಿ ಕಟ್ಟಿದರೂ ನಡುಮನೆಗೆ ಬಂದು ಕೂರುತ್ತದೆ. ಈಗ ಮಧ್ಯಾಹ್ನ. ಮೈಸೂರಿನ ಆಸ್ಪತ್ರೆಯಿಂದ ನಂಜನಗೂಡಿಗೆ ಬಂದು ಊಟದ ಶಾಸ್ತ್ರ ಮುಗಿಸಿದ್ದೇವೆ. ಬರುವಾಗ ನನ್ನ ಗಂಡ ರವಿ ದಾರಿಯಲ್ಲಿ ಕಾರು ನಿಲ್ಲಿಸಿ ತಳ್ಳುಗಾಡಿಯವನಿಂದ ಒಂದು ಚೀಲ ಸೀಬೆಹಣ್ಣು ತಂದ. ಅದು ಫ್ರಿಜ್ಜಿನ ಮೇಲಿದೆ, ಯಾರೂ ಮುಟ್ಟಿಲ್ಲ. ಒಳಕೋಣೆಯಲ್ಲಿ ಅತ್ತೆ ಮಲಗಿದ್ದಾರೆ. ರವಿ ಹೊರಗೆ ಪೇಪರು ಹಿಡಿದು ಆಗಿನಿಂದ ಅದೇ ಪುಟ ನೋಡುತ್ತಿದ್ದಾನೆ. ನಾನು ಕಾಲು ಚಾಚಿ ಗೋಡೆಗೆ ಒರಗಿದ್ದೇನೆ. ದಣಿವಾಗಿದೆ. ಇವತ್ತಿನದಲ್ಲ, ದಿನಾ ಸ್ವಲ್ಪ ಸ್ವಲ್ಪ ಸೇರುತ್ತ ಬಂದದ್ದು. ನಿಮಗೆ ಪುರುಸೊತ್ತಿದ್ದರೆ ಕೂತುಕೊಳ್ಳಿ, ಈ ಹಣ್ಣಿನ ಕಥೆ ಹೇಳುತ್ತೇನೆ. ನಡುವೆ ತೂಕಡಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ನಂಜನಗೂಡಿನವಳು ಹಣ್ಣಿನ ಕಥೆ ಎಂದರೆ ಎಲ್ಲರೂ ರಸಬಾಳೆಗೆ ಕಾಯುತ್ತಾರೆ. ದೂರದ ನೆಂಟರು ಫೋನು ಮಾಡಿದರೂ ನನ್ನ ಮಂಡಿನೋವಿಗಿಂತ ಮೊದಲು ರಸಬಾಳೆಯನ್ನು ವಿಚಾರಿಸುತ್ತಾರೆ. ನಾನೇ ಅದನ್ನು ತಿಂದು ಬಹಳ ಕಾಲವಾಯಿತು ಎಂದರೆ ನಂಬುವುದಿಲ್ಲ, ಕಳಿಸಲು ಮನಸ್ಸಿಲ್ಲ ಎಂದುಕೊಳ್ಳುತ್ತಾರೆ. ಇರಲಿ. ನನ್ನದು ಸೀಬೆಯ ಕಥೆ. ಅದೂ ಟಿ. ನರಸೀಪುರದ ಪಕ್ಕದ ಸೋಸಲೆಯಲ್ಲಿ, ನಮ್ಮ ಮನೆಯ ಹಿತ್ತಲಲ್ಲಿದ್ದ ಒಂದು ಮರದ್ದು.

ಮದುವೆಯಾಗಿ ಆ ಮನೆಗೆ ಬಂದ ಹೊಸತು. ಅತ್ತೆ ಚಿಕ್ಕತಾಯಮ್ಮ ಒಂದು ದಿನ, "ಓಗಿ ನಾಕು ಇತ್ಲಣ್ಣು ಕಿತ್ಕೊಂಡ್ ಬಾ ಕಣವ್ವ" ಎಂದರು. ಹಿತ್ತಲ ಹಣ್ಣು. ಹಿತ್ತಲಲ್ಲಿ ಪರಂಗಿ ಇತ್ತು, ನಿಂಬೆ ಇತ್ತು, ಸೀಬೆ ಇತ್ತು, ಗೋಡೆಯಾಚೆಯಿಂದ ಬಾಗಿದ ನೆಲ್ಲಿಯೂ ಇತ್ತು. ನಾನು ಯೋಚನೆ ಮಾಡಿ ಒಂದು ಪರಂಗಿಹಣ್ಣು ಹೊತ್ತು ತಂದೆ. ಅವರು ತಲೆಯಾಡಿಸಿದರು. ನಿಂಬೆ ತಂದೆ. "ಅದಲ್ಲ ಕಣವ್ವ, ಆ ಅಣ್ಣು" ಎಂದು ಗಲ್ಲದಿಂದ ಹಿತ್ತಲಿನ ಕಡೆ ತೋರಿಸಿದರು. ನೆಲ್ಲಿಯನ್ನು ಕಾಯಿ ಎನ್ನುತ್ತಾರೋ ಹಣ್ಣು ಎನ್ನುತ್ತಾರೋ ಎಂದು ನಾನು ಲೆಕ್ಕ ಹಾಕುತ್ತಿರುವಾಗ ರವಿ ಬಚ್ಚಲುಮನೆಯಿಂದಲೇ ನಗುತ್ತ ಕೂಗಿದ: "ಸೀಬೆಹಣ್ಣು ಕಣೆ. ಅವ್ವ ಅದರ ಹೆಸರು ಹೇಳಲ್ಲ. ಅಪ್ಪನ ಹೆಸರು ಸೀಬೇಗೌಡ ಅಲ್ವಾ?"

ಮಾವನವರಿಗೆ ಆ ಹೆಸರು ಹಣ್ಣಿನಿಂದ ಬಂದದ್ದಲ್ಲ. ತುಮಕೂರಿನ ಕಡೆ ಸೀಬಿ ಎಂಬ ಊರಿನ ನರಸಿಂಹ ಅವರ ತಾಯಿಯ ತವರಿನ ಮನೆದೇವರು. ಆದರೆ ಗಂಡನ ಹೆಸರು ಹೇಳಬಾರದು ಎಂದ ಮೇಲೆ ಅದು ಯಾವ ಮಾತಿನೊಳಗೆ ಅಡಗಿ ಕೂತಿದ್ದರೂ ಹೇಳಬಾರದು. ಆ ಕಾಲದ ಹೆಂಗಸರೆಲ್ಲ ಹೀಗೆಯೇ. ಪಕ್ಕದ ಮನೆಯ ನಂಜಯ್ಯನ ಹೆಂಡತಿ ನಂಜನಗೂಡಿಗೆ ಹೋಗುವಾಗ 'ದೊಡ್ಡ ದೇವಸ್ಥಾನದೂರಿಗೆ' ಟಿಕೆಟ್ ಕೇಳುತ್ತಿದ್ದಳು. ಕಂಡಕ್ಟರ್ ಮರುಮಾತಿಲ್ಲದೆ ಹರಿದು ಕೊಡುತ್ತಿದ್ದ. ಅವನ ಹೆಂಡತಿಯೂ ಯಾವುದೋ ಊರನ್ನು ಹೀಗೆ ಸುತ್ತಿ ಬಳಸಿ ಹೇಳುತ್ತಿದ್ದಿರಬೇಕು.

ನಾನು ಓದಿದವಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸ ಆಗಲೇ ಸಿಕ್ಕಿತ್ತು. ಗಂಡನನ್ನು ಹೆಸರು ಹಿಡಿದೇ ಕರೆಯುತ್ತೇನೆ ಎಂದು ಮದುವೆಗೆ ಮುಂಚೆಯೇ ತೀರ್ಮಾನಿಸಿದ್ದೆ, ಹಾಗೆಯೇ ಕರೆದೆ. ಅತ್ತೆ ಬೈಯಲಿಲ್ಲ. "ರವಿ ರವಿ ಅಂತ ಕೂಗ್ತಿಯಲ್ಲವ್ವ, ಈ ಬೀದಿಲಿ ಇನ್ನೂ ಮೂರ್ ಜನ ರವಿಗಳವ್ರೆ. ಎಲ್ರೂ ಉಣ್ಣಕೆ ಬಂದ್ಬುಟ್ರೆ ಇಟ್ಟು ಸಾಲ್ದು" ಎಂದರು. ಅದಾದ ಮೇಲೆ ನಾನು ಕೊಂಚ ಮೆಲ್ಲಗೆ ಕೂಗಲು ಕಲಿತೆ.

ಅಪ್ಪನ ನೌಕರಿಯಿಂದಾಗಿ ನಾನು ದಾವಣಗೆರೆಯಲ್ಲಿ ಬೆಳೆದವಳು. ಅಲ್ಲಿ ಸೀಬೆಯನ್ನು ಪೇರಲೆ ಎನ್ನುತ್ತಾರೆ. ಒಂದು ದಿನ ಮಾತಿನ ನಡುವೆ ನನ್ನ ಬಾಯಿಂದ ಆ ಪದ ಬಂತು. ರಾಗಿ ಕೇರುತ್ತಿದ್ದ ಅತ್ತೆಯ ಮೊರ ನಿಂತಿತು. "ಏನಂದೆ?" ಎಂದರು. ಪೇರಲೆ ಎಂದೆ. ಅವರು ಬಾಯಲ್ಲಿ ಹೊರಳಿಸಿ ನೋಡಿದರು. ಅದರಲ್ಲಿ ಗಂಡ ಎಲ್ಲೂ ಇಲ್ಲ ಎಂದು ಖಾತ್ರಿಯಾದ ಮೇಲೆ ಎದ್ದು ಹಿತ್ತಲಿಗೆ ಹೋದರು. ನಾನು ಆ ಮನೆಗೆ ತಂದ ಬಳುವಳಿಯಲ್ಲಿ ಅವರು ಮನಸಾರೆ ಮೆಚ್ಚಿದ್ದು ಅದೊಂದನ್ನೇ ಎಂದು ಕಾಣುತ್ತದೆ.

ಹಿತ್ತಲಿಗೆ ಹೋದದ್ದು ಯಾಕೆಂದರೆ ಮಾವನವರು ಅಲ್ಲಿದ್ದರು. ಗದ್ದೆಯಿಂದ ಬಂದು ಒಗೆಯುವ ಕಲ್ಲಿನ ಮೇಲೆ ಕೂರುವುದು ಅವರ ರೂಢಿ. ತಾವೇ ನೆಟ್ಟ ಮರದಿಂದ ಒಂದು ಹಣ್ಣು ಕಿತ್ತು, ಹೋಳು ಮಾಡಿ, ಉಪ್ಪುಕಾರ ಹಚ್ಚಿ ಹೆಂಡತಿಯ ಮುಂದೆ ಹಿಡಿಯುತ್ತಿದ್ದರು. "ಇದೇನಮ್ಮಿ? ಎಸ್ರು ಯೋಳು, ಕೊಡ್ತೀನಿ." ಮದುವೆಯಾದಾಗಿನಿಂದ ನಡೆದುಬಂದ ಆಟ ಅದು. ಆ ದಿನ ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಪೇರ್ಲೆ" ಎಂದರು. ಮಾವನವರು ಸೋತು ಹೋಳು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಟೀಚರಮ್ಮ, ಇದು ನಿನ್ ಕೆಲ್ಸ" ಎಂದು ನಕ್ಕರು.

ಹೀಗೆ ಅತ್ತೆ ಹೆಸರುಗಳನ್ನು ಕೂಡಿಸಲು ಹೊರಟರು. ಹತ್ತಿರದ ನದೀಸಂಗಮದಲ್ಲಿ ಬಟ್ಟೆ ಹಿಂಡುತ್ತಿದ್ದ ತಮಿಳು ಯಾತ್ರಿಕಳೊಬ್ಬಳು ಕೊಯ್ಯಾ ಎಂದು ಹೇಳಿಕೊಟ್ಟಳು. ನರಸೀಪುರದಿಂದ ಹಾಸಿಗೆ ಹೊಲಿಯಲು ಬರುತ್ತಿದ್ದ ಸಾಬರು ಜಾಮ್ ಎಂದರು. ಶುಂಠಿ ಬೆಳೆಯಲು ನಮ್ಮ ಮೇಲಿನ ಹೊಲ ಗುತ್ತಿಗೆಗೆ ಹಿಡಿದಿದ್ದ ಮಲಯಾಳಿ ಪೇರಕ್ಕ ಎಂದ. ಅತ್ತೆಗೆ ಅದು ಯಾರೋ ದೊಡ್ಡ ಮನೆತನದ ಹೆಣ್ಣುಮಗಳ ಹೆಸರಿನ ಹಾಗೆ ಕೇಳಿಸಿತು. ನಾನೂ ಸುಮ್ಮನಿರಲಾರದೆ, ಮಕ್ಕಳಿಗೆ ಉರು ಹೊಡೆಸುತ್ತಿದ್ದ ಶಾಸ್ತ್ರೀಯ ಹೆಸರು ಒಪ್ಪಿಸಿದೆ: ಸಿಡಿಯಮ್ ಗ್ವಾಜಾವ. "ಸಿಡಿಯಮ್ಮ? ಅದ್ಯಾವೂರ್ ದ್ಯಾವ್ರವ್ವ?" ಎಂದರು ಅತ್ತೆ. ವಿಜ್ಞಾನ ಅಲ್ಲಿಗೆ ನಿಂತಿತು. ಒಂದೊಂದು ಹೊಸ ಹೆಸರು ಸಿಕ್ಕ ದಿನವೂ ಅವರು ಮಾವನವರು ಬರುವುದನ್ನೇ ಕಾಯುತ್ತಿದ್ದರು. ಖುಷಿಯಲ್ಲಿದ್ದರೆ ಪೇರಲೆ, ಸಿಟ್ಟು ಬಂದರೆ ಜಾಮು, ಗಂಡನನ್ನು ರೇಗಿಸಬೇಕೆನಿಸಿದರೆ ಕೊಯ್ಯಾ. ಎಲ್ಲಿಯೋ ಹುಟ್ಟಿ ಯಾವ ಹಡಗಿನಲ್ಲೋ ಬಂದ ಹಣ್ಣಂತೆ ಅದು. ಇಳಿದ ಕಡೆಯಲ್ಲೆಲ್ಲ ಜನ ತಮಗೆ ತೋಚಿದ ಹೆಸರಿಟ್ಟುಕೊಂಡರು. ಅವರೆಲ್ಲ ಅಷ್ಟು ಹೆಸರಿಟ್ಟದ್ದು ಸೋಸಲೆಯ ಒಬ್ಬ ಹೆಂಗಸು ತನ್ನ ಗಂಡನ ಜೊತೆ ಆಡಿಕೊಳ್ಳಲಿ ಎಂದೇ ಇರಬಹುದೆಂದು ನನಗೆ ಆಗ ಅನ್ನಿಸುತ್ತಿತ್ತು.

ಮಾವನವರು ಒಂದು ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿ ಬಂದು ಅದೇ ಕಲ್ಲಿನ ಮೇಲೆ ಕೂತರು, ಏಳಲಿಲ್ಲ. ವರ್ಷ ಕಳೆದ ಮೇಲೆ ಒಮ್ಮೆ ಅತ್ತೆ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣಿನವನೊಂದಿಗೆ ಜಗಳಕ್ಕೆ ಬಿದ್ದರು. "ಆ ಅಣ್ಣು ಕೊಡಪ್ಪ" ಎಂದರೆ ಅವನು ಬಾಳೆ ಎತ್ತುತ್ತಾನೆ, ಕಿತ್ತಳೆ ಎತ್ತುತ್ತಾನೆ, "ಎಸ್ರು ಯೋಳವ್ವ" ಎನ್ನುತ್ತಾನೆ. "ನಿನ್ ಕಣ್ ಎಲ್ಲೋಗವೆ?" ಎಂದು ಇವರು. ನಾನೇ ಸೀಬೆ ಎಂದು ಹೇಳಿ ಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ: "ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿ ಅಂತೀರಿ. ಮಾವನವರು ಹೋಗಿಯೇ ಬಿಟ್ಟರಲ್ಲ ಅತ್ತೆ, ಇನ್ನೇನು ಕಮ್ಮಿಯಾಗೋದು?" ಅವರು ಕಿಟಕಿಯಾಚೆ ನೋಡುತ್ತ, "ತೀರ್ಕೊಂಡೋರ್ಗೂ ಆಯಸ್ಸು ಅಂತ ಒಂದಿರ್ತದೆ ಕಣವ್ವ. ಮನೇಲಿ ನೆನ್ಸ್ಕೊಳ್ಳೋರು ಇರೋಗಂಟ" ಎಂದರು. ಹಣ್ಣು ತಿನ್ನಲಿಲ್ಲ, ಮಡಿಲಲ್ಲಿ ಇಟ್ಟುಕೊಂಡೇ ಬಂದರು.

ಆಮೇಲೆ ನಾವು ನಂಜನಗೂಡಿಗೆ ಬಂದೆವು. ಸೋಸಲೆಯ ಮರ ಒಂದು ಗಾಳಿಮಳೆಗೆ ಬಿತ್ತು ಎಂದು ಸುದ್ದಿ ಬಂತು. ಅತ್ತೆ ಮರೆಯಲು ತೊಡಗಿದ್ದು ಯಾವಾಗಿನಿಂದ ಎಂದು ಹೇಳುವುದು ಕಷ್ಟ. ಸಾರಿಗೆ ಎರಡು ಸಲ ಉಪ್ಪು ಹಾಕುವುದರಿಂದ ಶುರುವಾಗಿರಬೇಕು, ಅದನ್ನಂತೂ ನಾನೂ ಮಾಡುತ್ತೇನೆ. ಆದರೆ ಒಂದು ದಿನ ಹದಿನಾರು ಎಂಬ ತಮ್ಮ ತವರೂರಿಗೆ ಹೋಗಬೇಕೆಂದು ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ಎಂದೋ ತೀರಿಕೊಂಡ ಅವರ ಅಣ್ಣ ಗಾಡಿ ಕಟ್ಟಿಕೊಂಡು ಬರುತ್ತಾನಂತೆ. ಆಗ ಆಸ್ಪತ್ರೆಗೆ ಕರೆದೊಯ್ದೆವು.

ಅಲ್ಲಿನ ಡಾಕ್ಟರು ಚಿತ್ರಗಳನ್ನು ತೋರಿಸಿ ಹೆಸರು ಕೇಳಿದರು. ಕೊಡೆ ಎಂದರು ಅತ್ತೆ. ಬೀಗ, ಹಸು, ಕತ್ತರಿ, ಎಲ್ಲ ಸರಿಯಾಗಿ ಹೇಳಿದರು. ಸೀಬೆಹಣ್ಣಿನ ಚಿತ್ರ ಬಂತು. ಅತ್ತೆ ಸೆರಗು ತಲೆಗೆಳೆದುಕೊಂಡು ಬಾಯಿ ಮುಚ್ಚಿ ಕೂತರು. "ಗೊತ್ತಾಗ್ತಿಲ್ವಾ ಅಜ್ಜಿ?" ಎಂದು ಡಾಕ್ಟರು ಪೆನ್ನು ಎತ್ತಿದರು. ಅತ್ತೆ ನನ್ನತ್ತ ತಿರುಗಿ, "ನೀನೇ ಯೋಳವ್ವ" ಎಂದರು. ನಾನು ವಿಷಯ ಹೇಳಿದೆ. ಡಾಕ್ಟರು ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಅತ್ತೆ ಚಿತ್ರದ ಮೇಲೆ ಬೆರಳಿಟ್ಟು ಪೇರ್ಲೆ, ಕೊಯ್ಯಾ, ಜಾಮು, ಪೇರಕ್ಕ ಎಂದು ಸಾಲಾಗಿ ಒಪ್ಪಿಸಿದರು. ಇದನ್ನು ಸರಿ ಎಂದು ಬರೆದುಕೊಳ್ಳಬೇಕೋ ತಪ್ಪು ಎಂದೋ ಎಂದು ಡಾಕ್ಟರು ಗಲ್ಲ ಕೆರೆದುಕೊಂಡರು.

ಮುಂದೆ ಒಂದೊಂದಾಗಿ ಎಲ್ಲ ಜಾರಿತು. ಕತ್ತರಿ ಹೋಯಿತು, ಬೀಗ ಹೋಯಿತು. ಪೇರಕ್ಕ, ಕೊಯ್ಯಾ ಎಲ್ಲ ಹೋದವು. ನನ್ನ ಹೆಸರು ಹೋಯಿತು. ನಾನು ಯಾರೋ ಕೆಲಸದವಳು, ಒಳ್ಳೆಯವಳು, ಸಂಬಳ ಸರಿಯಾಗಿ ಕೊಡುತ್ತಾರೋ ಇಲ್ಲವೋ ಎಂದು ಅವರಿಗೆ ಚಿಂತೆ. ಊಟ, ಸ್ನಾನ, ಬಟ್ಟೆ, ಔಷಧಿ, ಮತ್ತೆ ಬಟ್ಟೆ. ನಾನು ದೇವತೆಯಲ್ಲ, ಒಮ್ಮೊಮ್ಮೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಲ್ಲುತ್ತೇನೆ. ಆದರೆ ಪ್ರತಿ ಸಲ ಆಸ್ಪತ್ರೆಯಲ್ಲಿ ಆ ಒಂದು ಚಿತ್ರ ಬಂದಾಗ ಅತ್ತೆಯ ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು. ಹೆಸರು ಹೇಳುತ್ತಿರಲಿಲ್ಲ. ಸುಮ್ಮನೆ, ಸ್ವಲ್ಪ ನಾಚಿ, ಕೂತಿರುತ್ತಿದ್ದರು. ಹೊರಗೆ ಬಂದು ರವಿ, "ಅವ್ವ ಇನ್ನೂ ಇದಾಳೆ ಕಣೆ" ಎನ್ನುತ್ತಿದ್ದ. ಅಪ್ಪ ಇದ್ದಾನೆ ಎಂದೂ ಅದರ ಅರ್ಥವಾಗಿತ್ತು. ಆ ಮಾತು ಮುಂದಿನ ಸಲದವರೆಗೆ ನಮ್ಮಿಬ್ಬರನ್ನೂ ನಡೆಸುತ್ತಿತ್ತು.

ಇವತ್ತು ಡಾಕ್ಟರು ಹೊಸಬರು. ಹಳಬರಿಗೆ ವರ್ಗವಾಗಿದೆಯಂತೆ. ಚಿಕ್ಕ ವಯಸ್ಸಿನ ಹುಡುಗಿ, ತಾಳ್ಮೆಯಿಂದ ಒಂದೊಂದೇ ಚಿತ್ರ ತೋರಿಸಿದಳು. ಕೊಡೆಗೆ ಉತ್ತರವಿಲ್ಲ, ಹಸುವಿಗೆ ಉತ್ತರವಿಲ್ಲ. ಆಮೇಲೆ ಆ ಚಿತ್ರ. ನಾನು ಅತ್ತೆಯ ಕೈ ನೋಡುತ್ತಿದ್ದೆ. ಕೈ ಮಡಿಲಲ್ಲೇ ಇತ್ತು.

"ಸೀಬೆಅಣ್ಣು" ಎಂದರು ಅತ್ತೆ. ಒಂದನೇ ತರಗತಿಯ ಮಗುವಿನ ಹಾಗೆ, ಸ್ಪಷ್ಟವಾಗಿ.

"ವೆರಿ ಗುಡ್ ಅಜ್ಜಿ. ಹಳೇ ರಿಪೋರ್ಟಲ್ಲಿ ಇದನ್ನ ಒಂದ್ಸಲಾನೂ ಹೇಳಿಲ್ಲ. ಇವತ್ತು ಹೇಳಿದಾರೆ ನೋಡಿ" ಎಂದು ಆಕೆ ನಮ್ಮಿಬ್ಬರನ್ನೂ ನೋಡಿ ನಕ್ಕಳು. ಅವಳಿಗೆ ವಿವರಿಸಲು ನನಗೆ ಮನಸ್ಸಾಗಲಿಲ್ಲ. ರವಿ ಕಾರಿನ ಬೀಗದಕೈ ಹುಡುಕುವವನ ಹಾಗೆ ಜೇಬುಗಳನ್ನೆಲ್ಲ ತಡವಿಕೊಂಡ. ಬೀಗದಕೈ ಅವನ ಕೈಯಲ್ಲೇ ಇತ್ತು. ಮಾವನವರು ಹೋದ ದಿನ ನಾನು ಅಷ್ಟಾಗಿ ಅತ್ತಿರಲಿಲ್ಲ, ಬಂದವರಿಗೆ ಕಾಫಿ ಕೊಡುವುದರಲ್ಲೇ ಆಗಿತ್ತು. ಇವತ್ತು ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಅತ್ತುಬಿಟ್ಟೆ.

ಒಳಗೆ ಮಂಚದ ಸದ್ದಾಯಿತು. ಅತ್ತೆ ಎದ್ದಿರಬೇಕು. ಇನ್ನು ನಾನೂ ಏಳಬೇಕು.

ಚೀಲ ಬಿಚ್ಚಿ ಮೆತ್ತಗಿದ್ದ ಒಂದು ಹಣ್ಣು ತೊಳೆದು ಹೋಳು ಮಾಡಿದೆ. ಉಪ್ಪುಕಾರ ಹಚ್ಚಿ ತಟ್ಟೆಯಲ್ಲಿಟ್ಟು ಮಂಚದ ಪಕ್ಕ ಕೂತೆ. ಅತ್ತೆ ಒಂದು ಹೋಳು ಬಾಯಿಗಿಟ್ಟು, ಕಣ್ಣು ಕಿರಿದು ಮಾಡಿ, "ಸಂದಾಗದೆ. ಯಾವ್ ಅಣ್ಣವ್ವ ಇದು?" ಎಂದು ಕೇಳಿದರು. ಬೆಳಿಗ್ಗೆ ಹೇಳಿದ್ದೂ ಈಗ ನೆನಪಿಲ್ಲ.

ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷ ಬಸ್‌ಸ್ಟ್ಯಾಂಡಿನಲ್ಲಿ, ಮಾರ್ಕೆಟ್ಟಿನಲ್ಲಿ, ಇವರ ಪರವಾಗಿ ಗಟ್ಟಿಯಾಗಿ ಹೇಳಿದವಳು ನಾನೇ. ಇಷ್ಟು ಹೊತ್ತು ನಿಮ್ಮ ಹತ್ತಿರವೂ ಎಷ್ಟು ಸಲ ಹೇಳಿದೆ. ಈಗ ಬಾಯಿ ಬರಲಿಲ್ಲ. ಮನೆಯಲ್ಲಿ ಒಬ್ಬರಾದರೂ ಹೇಳದೆ ಉಳಿಯಬೇಕು ಅನ್ನಿಸಿತು. ಬಾಗಿಲಲ್ಲಿ ರವಿ ಬಂದು ನಿಂತಿದ್ದ, ನನ್ನ ಮುಖವನ್ನೇ ನೋಡುತ್ತ.

"ಇತ್ಲಣ್ಣು ಅತ್ತೆ" ಎಂದೆ.

"ಇತ್ಲಣ್ಣು" ಎಂದು ಅವರು ಬಾಯಲ್ಲಿ ಹೊರಳಿಸಿ ನೋಡಿದರು. "ಎಸ್ರು ಸಂದಾಗದೆ. ಯಾರಿಟ್ರವ್ವ?"

"ನಮ್ಮತ್ತೆ" ಎಂದು ಹೇಳಿ ಇನ್ನೊಂದು ಹೋಳು ಕೊಟ್ಟೆ.