ಉಣ್ಣೆಯ ಉಂಡೆಯೊಂದಿಗೆ ಇಳಕಲ್ಲಿಗೆ

ಡಿಸೆಂಬರ್ ತಿಂಗಳ ಒಂದು ಮುಂಜಾನೆ ಬಾಗಲಕೋಟೆಯಲ್ಲಿ ಗುಳೇದಗುಡ್ಡದ ಬಸ್ಸು ಹತ್ತಿದೆವು, ನಾನು ಮತ್ತು ಲಿಥುವೇನಿಯಾ ದೇಶದ ರೂತಾ. ನಾನು ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುವವಳು. ಧಾರವಾಡದ ಗೆಳತಿಯೊಬ್ಬಳು ಫೋನ್ ಮಾಡಿ, "ಈಕಿ ನೇಕಾರರ ಮನಿ ನೋಡಬೇಕಂತಾಳ, ನೀನ ಅಡ್ಡಾಡಿಸಿ ಕಳಸವಾ" ಎಂದು ಇವಳನ್ನು ನನಗೆ ಗಂಟು ಹಾಕಿದ್ದಳು. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಪುಕ್ಕಟೆ ಚೀಟಿ ಹರಿದುಕೊಟ್ಟ. ರೂತಾಳಿಗೆ ಮಾತ್ರ ದುಡ್ಡಿನ ಟಿಕೆಟ್ಟು. "ನಾನೂ ಹೆಂಗಸೇ ಅಲ್ಲವೇ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. "ಹೌದ್ರಿ, ಆದ್ರ ನಮ್ಮ ಸರ್ಕಾರದ ಹೆಂಗಸರಲ್ಲಲ್ರಿ!" ಎಂದ ಕಂಡಕ್ಟರ್. ಬಸ್ಸಿಗೆ ಬಸ್ಸೇ ನಕ್ಕಿತು.

ಅವಳ ತೊಡೆಯ ಮೇಲಿನ ಚೀಲದಲ್ಲಿ ಬೂದುಬಣ್ಣದ ಉಣ್ಣೆಯ ಉಂಡೆಯೊಂದಿತ್ತು. ಅವಳ ತಾಯಿ ಕೊನೆಯ ಬಾರಿಗೆ ನೂತದ್ದು. ತಾಯಿ ತೀರಿಕೊಂಡ ಮೇಲೆ ಮನೆಯವರು ಮಗ್ಗದಲ್ಲಿದ್ದ ಎಳೆಗಳನ್ನೆಲ್ಲ ಕತ್ತರಿಸಿ ತೆಗೆದು, ಮಗ್ಗವನ್ನು ಕೊಟ್ಟಿಗೆಗೆ ಸರಿಸಿದರಂತೆ. ರೂತಾ ಕೂಡ ನೇಯುವವಳೇ. ಆದರೆ ಅಂದಿನಿಂದ ಮಗ್ಗಕ್ಕೆ ಕೂತಿಲ್ಲ, ಕೂತರೆ ಕೈ ನಡುಗುತ್ತದೆ. ನಾಲ್ಕು ದಿನ ಬೇರೆಯವರ ಮಗ್ಗಗಳ ನಡುವೆ ಇದ್ದರೆ ಕೈ ಮತ್ತೆ ಒಗ್ಗೀತೇನೋ ಎಂಬ ಆಸೆ ಹೊತ್ತು ಇಷ್ಟು ದೂರ ಬಂದಿದ್ದಳು. ಇದನ್ನು ಕೇಳಿದ ಮೇಲೆ, ಇವಳನ್ನು ನನಗೆ ಗಂಟು ಹಾಕಿದಳಲ್ಲ ಎಂಬ ನನ್ನ ಗೊಣಗಾಟ ನಿಂತಿತು.

ನಮ್ಮಿಬ್ಬರ ನಡುವೆ ಇದ್ದದ್ದು ಕಾಟನ್, ವೂಲ್, ಥ್ರೆಡ್ ಎಂಬ ಇಂಗ್ಲಿಷ್ ಮಾತುಗಳು. ಅವಳು ಒಂದೊಂದಕ್ಕೂ ತನ್ನ ಭಾಷೆಯದನ್ನು ಹೇಳಿದಳು: ಮೆದ್ವಿಲ್ನೆ, ವಿಲ್ನಾ, ಸ್ಯೂಲಾಸ್. ನಾನು ಅರಳೆ, ಉಣ್ಣೆ, ದಾರ ಎಂದೆ. ಸುಮ್ಮನಿರಲಾರದೆ, ಥ್ರೆಡ್ಡಿಗೆ ನಮ್ಮಲ್ಲಿ ನೂಲು, ಎಳೆ ಅಂತಲೂ ಇವೆ ಎಂದು ಜಂಭ ಕೊಚ್ಚಿಕೊಂಡೆ. ಅವಳು ಬಿಟ್ಟಾಳೆಯೇ? ಹೊಲಿಯುವುದು ಸ್ಯೂಲಾಸ್, ನೂತದ್ದು ವೆರ್ಪಲೈ ಎಂದು ತನ್ನ ಗಂಟನ್ನೂ ಬಿಚ್ಚಿದಳು. ಗುಳೇದಗುಡ್ಡ ಬಂದದ್ದೇ ತಿಳಿಯಲಿಲ್ಲ.

ಅಲ್ಲಿ ಓಣಿಗೆ ಕಾಲಿಟ್ಟರೆ ಮನೆಮನೆಯಿಂದ ಮಗ್ಗದ ಸದ್ದು. ಒಂದು ಮನೆಯಲ್ಲಿ ರವಿಕೆಯ ಹಸಿರು ಖಣ ನೇಯುತ್ತಿದ್ದರು. ಮನೆಯಾಕೆ, "ಬಾರವಾ, ಕುಂತು ಒಂದೀಟು ಕೈ ಆಡಸು" ಎಂದು ಜಾಗ ಬಿಟ್ಟುಕೊಟ್ಟಳು. ರೂತಾ ನಕ್ಕು, ಎರಡೂ ಕೈಗಳನ್ನು ಜೇಬಿಗೆ ಸೇರಿಸಿ ಬಾಗಿಲಲ್ಲೇ ನಿಂತಳು. ಆ ರಾತ್ರಿ ಬಾದಾಮಿಯಲ್ಲಿ ಉಳಿದೆವು. ಊಟಕ್ಕೆ ಕೂತಾಗಲೂ ಅವಳದು ಒಂದೇ ಮಾತು, "ನನ್ನಿಂದ ಆಗಲಿಲ್ಲ."

ಮರುದಿನ ಚೊಳಚಗುಡ್ಡಕ್ಕೆ ಹೋಗಿ ಬನಶಂಕರಿಗೆ ಕೈಮುಗಿದೆವು. ಗುಡಿಯ ಹೊರಗೆ ಬುಟ್ಟಿಯಲ್ಲಿ ರೊಟ್ಟಿ ಹೊತ್ತು ತಂದ ಅಜ್ಜಿ, ರೊಟ್ಟಿಯ ಮೇಲೆ ಕೆಂಪು ಚಟ್ನಿ ಇಟ್ಟು ರೂತಾಳ ಕೈಗೆ ಕೊಟ್ಟಳು. ಒಂದು ತುತ್ತಿಗೇ ಇವಳ ಕಣ್ಣಲ್ಲಿ ನೀರು. "ಖಾರ ಹತ್ತೇತಿ ಕೂಸಿಗೆ" ಎಂದು ಅಜ್ಜಿ ಗಡಿಗೆಯಿಂದ ಮೊಸರು ಸುರಿದೇ ಸುರಿದಳು. ಆ ಬಿಸಿಲಲ್ಲಿ ಆ ತಣ್ಣನೆಯ ಮೊಸರು ಉಣಿಸಿದ ಕೈಗೆ ಈಗಲೂ ಮನಸ್ಸಿನಲ್ಲೇ ಶರಣು ಎನ್ನುತ್ತೇನೆ.

ಹುನಗುಂದದಲ್ಲಿ ಬಸ್ಸು ಬದಲಿಸಬೇಕಿತ್ತು. ಮುಂದಿನ ಬಸ್ಸಿಗೆ ಇನ್ನೂ ಹೊತ್ತು ಇದ್ದುದರಿಂದ ಊರ ಹೊರಗಿನ ಎರೆಹೊಲಗಳತ್ತ ನಡೆದೆವು. ಹೆಂಗಸರು ಅರಳೆ ಬಿಡಿಸುತ್ತಿದ್ದರು. ಬಟ್ಟೆಯಲ್ಲಿ ಮಾತ್ರ ಹತ್ತಿ ಕಂಡಿದ್ದ ರೂತಾ ಗಿಡದ ಮುಂದೆ ಕೂತೇಬಿಟ್ಟಳು. "ಮೆದ್ವಿಲ್ನೆ ಎಂದರೆ ಮರದ ಉಣ್ಣೆ ಎಂದರ್ಥ. ನಮ್ಮ ಹಿರಿಯರು ಗಿಡ ನೋಡದೆಯೇ ಹೆಸರಿಟ್ಟಿರಬೇಕು" ಎಂದಳು. ನಾನು ಅದನ್ನು ಹೇಳಿದ್ದೇ ತಡ, ಹೊಲದಾಕೆ ಸೊಂಟದ ಮೇಲೆ ಕೈಯಿಟ್ಟು, "ಹಂಗಾರ ಮುಂಜಾನಿಂದ ನಾವು ಕುರಿ ಉಣ್ಣಿ ಕತ್ತರಸಾಕ ಹತ್ತೇವೇನ?" ಎಂದಳು. ನಗುತ್ತಲೇ ರೂತಾಳ ಬೊಗಸೆ ತುಂಬ ಅರಳೆ ತುಂಬಿದಳು.

ಇಳಕಲ್ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ನನ್ನ ಶಿಷ್ಯೆಯೊಬ್ಬಳ ಅತ್ತೆ ಗೌರವ್ವನ ಮನೆಗೆ ಹೋದೆವು. ಪಡಸಾಲೆಯ ಕುಣಿಮಗ್ಗದಲ್ಲಿ ಆಕೆ ಸೀರೆಯೊಂದರ ಕೆಂಪು ಸೆರಗು ಮುಗಿಸುತ್ತಿದ್ದಳು. ರೂತಾಳ ಸಂಗತಿಯನ್ನು, ಉಂಡೆಯ ಸಂಗತಿಯನ್ನು ಹೇಳಿದೆ. ಗೌರವ್ವ ಕೊನೆಯ ಲಾಳಿ ಹೊಡೆದು, "ಬೀಗರು ಬಂದಂಗ ಬಂದಾಳ, ಆಕಿ ಕೈಲೇ ಮಗ್ಗದಿಂದ ಸೀರಿ ಇಳಸೂಣು" ಎಂದು ಕತ್ತರಿ ಕೊಟ್ಟಳು.

ರೂತಾ ಹಿಂಜರಿಯುತ್ತ ಕತ್ತರಿ ಹಿಡಿದಳು. ತಾಯಿಯ ಮಗ್ಗದಲ್ಲಿ ಕಂಡಂತೆ, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಹಣಿಗೆಯ ಹಿಂದಕ್ಕೇ ಕತ್ತರಿ ಒಯ್ದಳು. ಗೌರವ್ವ ಗಬಕ್ಕನೆ ಅವಳ ಮಣಿಕಟ್ಟು ಹಿಡಿದಳು. "ಅಲ್ಲಿ ಬ್ಯಾಡವಾ! ಮಗ್ಗ ಬರಿದಾಗ್ತೇತಿ!"

ಆಕೆ ಬಿಡಿಸಿ ಹೇಳಿದ್ದನ್ನು ನಾನು ದಾಟಿಸಿದೆ. ಸೀರೆಯನ್ನು ಹಣಿಗೆಯ ಮುಂದೆ ಕತ್ತರಿಸಬೇಕು. ಹಳೆಯ ಎಳೆಗಳ ತುದಿ ಹಣಿಗೆಯಲ್ಲೇ ಉಳಿಯಬೇಕು. ಹೊಸ ಸೀರೆಯ ಎಳೆಗಳನ್ನು ಒಂದೊಂದಾಗಿ ಆ ತುದಿಗೆ ಹೊಸೆದು ಕೂಡಿಸುತ್ತಾರೆ. "ನಮ್ಮತ್ತಿ ಬಿಟ್ಟ ಎಳಿಗೆ ನಾ ಕೂಡಿಸೇನಿ. ಆಕಿ ಅವರತ್ತಿ ಎಳಿಗೆ ಕೂಡಿಸಿದ್ಲು. ಈ ಮಗ್ಗ ಒಂದ ದಿನಾನೂ ಬರಿದಾಗಿಲ್ರಿ ಅಕ್ಕಾರ" ಎಂದಳು ಗೌರವ್ವ.

ರೂತಾ ನೆಲಕ್ಕೆ ಕೂತು ಅತ್ತಳು. "ನಮ್ಮ ಮನೆಯಲ್ಲಿ ಒಂದೆಳೆಯನ್ನೂ ಉಳಿಸಲಿಲ್ಲ. ನಾನು ಯಾವುದಕ್ಕೆ ಕೂಡಿಸಲಿ?" ಎಂದಳು. ನಾನು ಇದನ್ನು ಗೌರವ್ವನಿಗೆ ಕನ್ನಡದಲ್ಲಿ ಹೇಳಿದೆ.

ಗೌರವ್ವ ಕತ್ತರಿ ಇಸಿದುಕೊಂಡು ಸೀರೆ ಇಳಿಸಿದಳು. ಆಮೇಲೆ ಅಂಚಿನ ಕಡೆಯಿಂದ ಒಂದು ಹಿಡಿ ಕೆಂಪು ಎಳೆಗಳನ್ನು ಹಣಿಗೆಯಿಂದ ಮೆಲ್ಲಗೆ ಹಿಂದಕ್ಕೆಳೆದು, ಮಾರುದ್ದ ಕತ್ತರಿಸಿ, ರೂತಾಳ ಮಡಿಲಿಗೆ ಹಾಕಿದಳು. "ಇದನ್ನ ನಿನ್ನ ಹಣಿಗ್ಯಾಗ ಪೋಣಸು. ಇದಕ್ಕ ನಿಮ್ಮವ್ವನ ಉಣ್ಣಿ ಕೂಡಸು. ನಂದೇನು, ಉಳದ ಎಳಿ ಅದಾವು, ಈ ಜಾಗ ನಾಳೆ ತುಂಬಕೊಂತೇನಿ" ಎಂದಳು. ಬರಿದಾದ ಹಣಿಗೆಯ ಸಂದುಗಳಿಗೆ ಮತ್ತೆ ಎಳೆ ಪೋಣಿಸುವುದೆಂದರೆ ಕಣ್ಣಿಗೆ ಕಷ್ಟ ಕೊಡುವ ಒಂದು ಪೂರ್ತಿ ಹೊತ್ತಿನ ಕೆಲಸ. ಪರಿಚಯವೇ ಇಲ್ಲದವಳಿಗಾಗಿ ಅದನ್ನು ನಗುತ್ತ ಮೈಮೇಲೆ ಹಾಕಿಕೊಂಡಳು.

ಅಲ್ಲೇ ಕೂಡಿಸುವುದನ್ನೂ ಕಲಿಸಿದಳು. ಎರಡು ತುದಿ ಸೇರಿಸಿ, ಬೆರಳಿಗೆ ಬೂದಿ ಹಚ್ಚಿ, ಹೊಸೆದು, ಮಡಚಿ ಮತ್ತೆ ಹೊಸೆಯಬೇಕು. ರೂತಾ ಚೀಲದಿಂದ ಉಂಡೆ ತೆಗೆದಳು. ಕೆಂಪು ಎಳೆಗೆ ಬೂದು ಉಣ್ಣೆ ಸೇರಿಸಿ ಹೊಸೆದಳು. ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಅವು ನಡುಗಲಿಲ್ಲ. ಅವಳು ಗೌರವ್ವನ ಮಗ್ಗಕ್ಕೂ ತಾಯಿಯ ನೂಲಿನ ಒಂದು ತುಂಡು ಕೊಡಲು ಹೋದಳು. "ದಪ್ಪ ಐತಿ, ನನ್ನ ಹಣಿಗ್ಯಾಗ ಹೋಗೂದಿಲ್ಲ" ಎಂದ ಗೌರವ್ವ ಅದನ್ನು ಮಗ್ಗದ ಕಂಬಕ್ಕೆ ಕಟ್ಟಿಕೊಂಡಳು. ನಾವು ಬಸ್ಸಿಗೆ ಹೊರಟು ತಿರುಗಿ ನೋಡಿದಾಗ ಅದು ಬಾಗಿಲಿನಿಂದಲೇ ಕಾಣುತ್ತಿತ್ತು.

ಬೇಸಿಗೆಯಲ್ಲಿ ರೂತಾ ಒಂದು ಫೋಟೋ ಕಳಿಸಿದಳು. ಕೊಟ್ಟಿಗೆಯಿಂದ ಮನೆಯೊಳಕ್ಕೆ ಬಂದ ಮಗ್ಗ, ಹಣಿಗೆಯಲ್ಲಿ ಇಳಕಲ್ಲಿನ ಕೆಂಪು, ಅದರ ಬೆನ್ನಿಗೆ ಬೂದು ಉಣ್ಣೆ. ಇಳಕಲ್ಲಿಗೆ ಮತ್ತೆ ಹೋದಾಗ ಗೌರವ್ವನಿಗೆ ಅದನ್ನು ತೋರಿಸಿದೆ. ಆಕೆ ಕನ್ನಡಕ ಏರಿಸಿ, ಬೆರಳಿನಿಂದ ಚಿತ್ರ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದಳು.

"ಎಳಿ ಹೊಸೆದದ್ದು ಒಂಚೂರು ಸಡಿಲ ಆಗೇತಿ. ಮುಂದಿನ ಸಲ ಕೂಡಸುವಾಗ ಬಿಗಿಯಾಗಿ ಹೊಸಿ ಅಂತ ಹೇಳ್ರಿ ಅಕ್ಕಾರ."