ಮೊಸರಿನ ಶಟ್ಟೆವ್ವನ ಒಂಟಿ ಸಾಕ್ಷಿ

ಒಂದಾನೊಂದು ಊರಲ್ಲಿ ಮೊಸರು ಮಾರುವ ಹೆಂಗಸೊಬ್ಬಳಿದ್ದಳಂತೆ. ನಡೆದ ಅನ್ಯಾಯವನ್ನು ಅವಳೊಬ್ಬಳೇ ಕಂಡಿದ್ದಳಂತೆ. ಹೀಗೆ ಶುರುವಾಗುವ ಅಜ್ಜಿಯ ಕಥೆಯಲ್ಲಿ ಗಿಳಿಯೋ ಹುಣಸೆಮರವೋ ಬಂದು ಎರಡನೆಯ ಸಾಕ್ಷಿ ಹೇಳುತ್ತದೆ. ಶಟ್ಟೆವ್ವನಿಗೆ ಗಿಳಿ ಸಿಗಲಿಲ್ಲ.

ರಾಮದುರ್ಗ, ಬೆಳಗಿನ ಐದೂವರೆ. ಸಾಲಹಳ್ಳಿಯ ಮೊದಲ ಬಸ್ಸಿಳಿದ ಶಟ್ಟೆವ್ವ ಸಿಂಬೆ ಸರಿಮಾಡಿಕೊಂಡು ಬುಟ್ಟಿಯನ್ನು ತಲೆಗೇರಿಸುತ್ತಾಳೆ. ಎರಡು ಗಡಿಗೆ, ಹದಿನಾಲ್ಕು ಲೀಟರ್ ಎಮ್ಮೆ ಮೊಸರು. ಎದುರಾದವರು ಮಾತಾಡಿಸಿದರೆ ಕಣ್ಣಲ್ಲೇ ನಗುತ್ತಾಳೆ, ಅಷ್ಟೇ. ಐವತ್ತೆಂಟರ ಈಕೆ ಗಂಡ ತೀರಿದ ತಿಂಗಳಿನಿಂದ, ಇಪ್ಪತ್ತಾರು ವರ್ಷ, ಹೀಗೇ ಮನೆಮನೆ ತಿರುಗಿದ್ದಾಳೆ. "ಮಣಕಾಲು ದಿನಾ ಜಗಳಾ ತಗೀತಾವ್ರಿ. ನಾ ಕಿವ್ಯಾಗ ಹಾಕ್ಕೊಳ್ಳಂಗಿಲ್ಲ," ಎಂದು ನಿನ್ನೆ ಸಂಜೆ ನಗುತ್ತಿದ್ದಳು.

ಬೆಳಗಿನ ಮೌನ ಅತ್ತೆ ಕಲಿಸಿದ ಕಟ್ಟಳೆ. ಬೋಣಿಗೆ, ಅಂದರೆ ದಿನದ ಮೊದಲ ಮಾರಾಟ, ಆಗುವ ತನಕ ತುಟಿ ಬಿಚ್ಚಬಾರದು. ಬಿಚ್ಚಿದರೆ ಮೊಸರು ಮಾರಾಟವಾಗದೆ ಉಳಿಯುತ್ತದೆ. ಮೊದಲೆಲ್ಲ ಅವಳ ಬೋಣಿಗೆಯ ಗಿರಾಕಿ ಚಹಾದಂಗಡಿಯ ಅರ್ಜುನ. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಅವನು ಬಗ್ಗಿ ಒಲೆ ಹಚ್ಚುತ್ತಿದ್ದ. ಅಂಗಡಿಯ ಜಾಗಕ್ಕೆ ತಕರಾರು ತೆಗೆದಿದ್ದವನೊಬ್ಬ ಹಿಂದಿನಿಂದ ಬಂದು ಕಬ್ಬಿಣದ ಸಲಾಕೆ ಎತ್ತಿದ. ಹತ್ತು ಹೆಜ್ಜೆ ದೂರದಿಂದ, ಅಂಗಡಿಯ ದೀಪದಲ್ಲಿ, ಶಟ್ಟೆವ್ವ ಅವನ ಮುಖ ಕಂಡಳು. ಅವಳೇ ಮೊಸರು ಹಾಕುತ್ತಿದ್ದ ಮನೆಯವನು. ಕೂಗು ಗಂಟಲಿಗೆ ಬಂತು. ಬೋಣಿಗೆ ಆಗಿರಲಿಲ್ಲ, ರೂಢಿಬಿದ್ದ ತುಟಿ ತೆರೆಯಲಿಲ್ಲ. ಪೆಟ್ಟು ಬಿತ್ತು.

ಅರ್ಜುನ ಬದುಕಿದ. ಆದರೆ ಆ ಬೆಳಗು ಅವನ ನೆನಪಿನಲ್ಲಿಲ್ಲ. ಆಸ್ಪತ್ರೆಯಲ್ಲಿ ಅವನ ಹೆಂಡತಿ ಪೂನಮ್‌ಗೆ ಶಟ್ಟೆವ್ವ ಮಾತು ಕೊಟ್ಟಳು: "ಕಂಡದ್ದು ಕಂಡಂಗ ಕೋರ್ಟಿನ್ಯಾಗ ಹೇಳತೇನಿ ಯವ್ವಾ. ಕೇಸು ಮುಗದ ಮ್ಯಾಲನ ನಿಮ್ಮ ಅಂಗಡ್ಯಾಗ ಬೋಣಿಗಿ." ತಾನು ಕೂಗದೆ ನಿಂತದ್ದನ್ನು ಮಾತ್ರ ಹೇಳಲಿಲ್ಲ.

"ಕತ್ತಲಾಗ ಕಾಣಲಿಲ್ಲ ಅನ್ನಬೇ, ಪೀಡಾ ಹೋಗತೈತಿ," ಎಂದರು ಜತೆಯ ಮೊಸರಿನವರು. ಆರೋಪಿಯ ಓಣಿಯ ಹನ್ನೊಂದು ಮನೆಗಳು ಅವಳ ಮೊಸರು ಬಿಟ್ಟವು.

ಕೋರ್ಟಿನಲ್ಲಿ ಎದುರಿನ ವಕೀಲರು ಸರಿಯಾಗಿ ಅಲ್ಲಿಗೇ ಕೈ ಹಾಕಿದರು. "ಹತ್ತ ಹೆಜ್ಜಿ ದೂರ ಇದ್ದಾಕಿ ಯಾಕ ಒದರಲಿಲ್ಲ? ನೀ ಅಲ್ಲಿ ಇದ್ದಿದ್ದೇ ಇಲ್ಲ, ಹೌದಲ್ಲ?"

ಹೆದರಿಕೆಗೆ ದನಿ ಹೊರಡಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಪೂನಮ್ ಹಿಂದಿನ ಬೆಂಚಿನಲ್ಲೇ ಕೂತಿದ್ದಳು.

"ಬೋಣಿಗಿ ಆಗಿರಲಿಲ್ರಿ ಸಾಹೇಬ್ರ," ಎಂದಳು ಶಟ್ಟೆವ್ವ. "ನಾ ಒದರಿದ್ರ ಹುಡುಗ ಹೊಳ್ಳಿ ನೋಡತಿದ್ದ. ತಪ್ಪು ನಂದೂ ಐತಿ. ಅದನ್ನೂ ಬರಕೋರ್ರಿ."

ಪೂನಮ್ ಎದ್ದು ಹೊರಗೆ ಹೋದಳು. ಅಂದಿನಿಂದ ಮಾತಿಲ್ಲ.

ನಿನ್ನೆ ತೀರ್ಪು ಬಂತು. ಶಿಕ್ಷೆಯಾಯಿತು. ಇಂತಿಷ್ಟು ಸಾಕ್ಷಿ ಬೇಕೆಂದು ಕಾಯ್ದೆ ಹೇಳಿಲ್ಲ, ನಂಬುವಂತಿದ್ದರೆ ಒಬ್ಬರ ಮಾತೂ ಸಾಕು; ತನಗೆ ನಾಚಿಕೆ ತರುವುದನ್ನೂ ಮುಚ್ಚಿಡದವಳನ್ನು ನಂಬದೇ ಇರಲು ಕಾರಣವಿಲ್ಲ ಎಂದು ನ್ಯಾಯಾಧೀಶರು ಬರೆದಿದ್ದಾರೆ. ಶಟ್ಟೆವ್ವನಿಗೆ ಇದರಲ್ಲಿ ಅಚ್ಚರಿಯೇನಿಲ್ಲ. "ಗಡಿಗಿ ಹಾಲಿಗೆ ಒಂದ ಚಮಚಾ ಹೆಪ್ಪು ಸಾಕ್ರಿ. ಹೆಪ್ಪು ಚಲೋ ಇರಬೇಕಷ್ಟ."

ಈಗ ಚಹಾದಂಗಡಿಯ ತಿರುವು. ಅರ್ಜುನ ಬಗ್ಗಿ ಒಲೆ ಹಚ್ಚುತ್ತಿದ್ದಾನೆ. ಶಟ್ಟೆವ್ವ ಹತ್ತು ಹೆಜ್ಜೆ ದೂರದಲ್ಲೇ ನಿಲ್ಲುತ್ತಾಳೆ. ಬೋಣಿಗೆ ಇನ್ನೂ ಆಗಿಲ್ಲ.

"ಅರ್ಜುನಾ!" ಓಣಿಗೆಲ್ಲ ಕೇಳುವಂತೆ ಒದರುತ್ತಾಳೆ. "ಮಸರು ತಂದೇನಿ!"

ಅರ್ಜುನ ಹೊಳ್ಳಿ ನೋಡುತ್ತಾನೆ. "ಯಾಕಬೇ ಚಿಗವ್ವಾ, ಊರೆಲ್ಲಾ ಎಬ್ಬಸ್ತಿಯೇನು?"

ಪೂನಮ್ ಒಳಗಿನಿಂದ ಪಾತ್ರೆ ತಂದು ಮುಂದೆ ಹಿಡಿಯುತ್ತಾಳೆ. ಶಟ್ಟೆವ್ವ ಬುಟ್ಟಿ ಇಳಿಸಿ ಮೊದಲ ಅಳತೆ ಹಾಕುತ್ತಾಳೆ.