ಮೂರು ಕೈ ಉಪ್ಪು ಬಿದ್ದ ಕೆಂಪು ಹಿಂಡಿ

ಗೆಳತಿಯರೇ, ಇಡೀ ವರ್ಷ ರೊಟ್ಟಿಗೆ ಹಚ್ಚಿಕೊಳ್ಳಲೆಂದು ಕುಟ್ಟಿದ ಕೆಂಪು ಹಿಂಡಿಯನ್ನು ಇವತ್ತು ನಮ್ಮ ಕೈಯಾರೆ ಕೆಡಿಸಿಕೊಂಡೆವು.

ಕೌಜಲಗಿಯಿಂದ ಮಾವನವರು ಚಕ್ಕಡಿಯಲ್ಲಿ ಹಸಿ ಕೆಂಪು ಮೆಣಸಿನಕಾಯಿ ತಂದಿದ್ದರು. ಬೆಳ್ಳುಳ್ಳಿ ಹಾಕಿ ಒರಳಲ್ಲಿ ಕುಟ್ಟಿದೆವು. ಉಪ್ಪು ಸಾಲದೆ ಬೂಷ್ಟು ಹಿಡಿದೀತೆಂದು ಹೆದರಿ, ಯಾರೂ ನೋಡದಾಗ ನಾನು ಎರಡು ಹಿಡಿ ಹೆಚ್ಚಿಗೆ ಹಾಕಿದೆ. ಭರಣಿಗೆ ತುಂಬುವ ಮೊದಲು ಅತ್ತೆಯವರು ರೊಟ್ಟಿಯ ಚೂರಿಗೆ ಹಚ್ಚಿ ಬಾಯಿಗಿಟ್ಟರು. ಮುಖ ಕಿವುಚಿದರು.

“ಇದಕ್ಕ ಉಪ್ಪ ಯಾರ ಹಾಕಿದ್ರಬೇ?”

“ನಾ ಎರಡ ಹಿಡಿ ಹಾಕೇನ್ರಿ ಅತ್ತಿ, ಕೆಟ್ಟೀತಂತ.”

“ಅಯ್ಯ, ನಾನೂ ಹಾಕೇನಲ್ಲ!” ಎಂದಳು ನೆಗೆಣ್ಣಿ ಗೌರಕ್ಕ, ನಮ್ಮ ಭಾವನ ಹೆಂಡತಿ.

“ಯವ್ವಾ, ನಾ ಮೊದಲ ಹಾಕಿಟ್ಟಿದ್ನಲ್ಲ!” ಅತ್ತೆ ಹಣೆ ಬಡಿದುಕೊಂಡರು.

ನನಗೆ ಅವ್ವ ನೆನಪಾದಳು. ನನ್ನನ್ನು ಸಾಲಿ ಬಿಡಿಸಿದ ವರ್ಷ, ಅಂಕಲಗಿಯ ತವರುಮನೆಯಲ್ಲಿ ಅವಳ ಬಾಜೂ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದೆ. ಉಪ್ಪಿನ ಗಡಿಗೆಯನ್ನು ಮಾತ್ರ ಅವಳು ತೊಡೆಗೆ ಒತ್ತಿಟ್ಟುಕೊಂಡು, “ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ” ಎನ್ನುತ್ತಿದ್ದಳು. ಅವ್ವ ಜಿಪುಣಿ ಎಂದುಕೊಂಡಿದ್ದೆ. ಆ ಹಿಂಡಿಯ ಹದವಾದ ಖಾರ ಈಗಲೂ ನಾಲಿಗೆಗೆ ಬರುತ್ತದೆ. ಉಪ್ಪಿನ ಅಳತೆ ಕೇಳೋಣವೆಂದರೆ ಈಗ ಅವಳಿಲ್ಲ.

ನನ್ನ ಕಣ್ಣೀರು ಕಂಡು ಅತ್ತೆ, ಭರಣಿಯ ಬಾಯಿಗೆ ಅರಿವೆ ಕಟ್ಟುತ್ತ, “ಅಳಬ್ಯಾಡ ಬಿಡ, ಇನ್ನ ಹತ್ತ ವರ್ಷ ಇದು ಕೆಡೂದಿಲ್ಲ” ಎಂದರು.

ಕೆಡುವ ಚಿಂತೆಯೇನೋ ಹೋಯಿತು. ಹತ್ತು ವರ್ಷ ಇದನ್ನು ತಿನ್ನುವವರು ಯಾರು ಎಂಬ ಚಿಂತೆ ಶುರುವಾಗಿದೆ.